ದಮ್ಮಿನ ಸಂಗಡ ಬರುವ ಬೇನೆಗಳು

ನಮ್ಮ ಬಸವಕಲ್ಯಾಣ, ಹುಮನಾಬಾದ ಸೀಮೆಯ ಜನ ‘ದಮ್ಮು’ ಎಂದು ಕರೆಯುವ ಬೇನೆಯನ್ನೇ ಮೈಸೂರು ಸೀಮೆಯವರು ಉಬ್ಬಸ, ಗೂರಲು ಎನ್ನುತ್ತಾರೆ. ಆಯುರ್ವೇದವು ತಮಕ ಶ್ವಾಸವೆನ್ನುತ್ತದೆ. ಇಂದಿನ ವೈದ್ಯರು ಅಸ್ತಮಾ ಎನ್ನುತ್ತಾರೆ. ಹೆಸರು ಹಲವಾದರೂ ಕಷ್ಟವೊಂದೇ. ಈ ಬೇನೆಯನ್ನು ಕುರಿತು, ಅದರಲ್ಲಿಯೂ ಅದರ ಬೆನ್ನು ಹತ್ತಿ ಬರುವ ಇತರ ಬೇನೆಗಳನ್ನು ಕುರಿತು, ವಾಚಕ ಬಂಧುಗಳಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂಬುದು ನಮ್ಮ ಬಹುದಿನದ ಬಯಕೆ. ಧರ್ಮವನ್ನು ಹೇಳಬೇಕಾದ ಸ್ವಾಮಿಗಳು ವೈದ್ಯವನ್ನು ಹೇಳಹೊರಟರೇಕೆ ಎಂದು ಯಾರಾದರೂ ಕೇಳಿಯಾರು. ನಾವು ವೈದ್ಯರಲ್ಲವೆಂಬುದು ನಿಜ. ಆದರೆ ಹನ್ನೆರಡನೆಯ ವಯಸ್ಸಿನಿಂದ ಇಂದಿನವರೆಗೆ, ನಲವತ್ತಕ್ಕೂ ಹೆಚ್ಚು ವರ್ಷ, ಈ ಬೇನೆಯೊಡನೆ ಬಾಳಿದವರು; ಮಠಕ್ಕೆ ಬರುವ ಭಕ್ತರಲ್ಲಿ ಇದೇ ಬೇನೆಯವರನ್ನು ಬಹಳ ಮಂದಿಯನ್ನು ಕಂಡವರು. ರೋಗಿಯಾದವನಿಗೆ ತನ್ನ ರೋಗದ ವಿಷಯದಲ್ಲಿ ಮಾತನಾಡುವ ಅಧಿಕಾರ ಸ್ವಲ್ಪವಾದರೂ ಇರುತ್ತದೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

ದಮ್ಮು ಎದೆಯ ಬೇನೆಯೆಂಬುದು ಎಲ್ಲರ ತಿಳಿವಳಿಕೆ. ಶ್ವಾಸಕೋಶದೊಳಗಿನ ಗಾಳಿಯ ಕೊಳವೆಗಳು ಊದಿಕೊಂಡು, ಅವುಗಳ ಸುತ್ತಲಿನ ಸ್ನಾಯುಗಳು ಬಿಗಿದು, ಒಳಗೆ ಕಫ ತುಂಬಿ, ಒಳಹೋದ ಉಸಿರು ಹೊರಬರಲು ತಿಣುಕುವುದೇ ದಮ್ಮು. ಇದು ಸರಿಯಾದ ತಿಳಿವಳಿಕೆಯೇ. ಆದರೆ ಅರ್ಧ ತಿಳಿವಳಿಕೆ. ಬೇನೆ ಸೌಮ್ಯವಾಗಿರುವಾಗ ಈ ಅರ್ಧದಿಂದಲೇ ಕೆಲಸ ನಡೆದುಹೋಗುತ್ತದೆ. ಬೇನೆ ಉಗ್ರವಾದಾಗ ನಡೆಯುವುದಿಲ್ಲ. ಏಕೆಂದರೆ ಉಗ್ರವಾದ ದಮ್ಮು ಒಂಟಿಯಾಗಿ ಇರುವುದು ಅಪರೂಪ. ಮೂಗಿನಲ್ಲಿ ಒಂದು, ಹೊಟ್ಟೆಯಲ್ಲಿ ಒಂದು, ನಿದ್ರೆಯಲ್ಲಿ ಒಂದು, ಮನಸ್ಸಿನಲ್ಲಿ ಒಂದು, ಸೇವಿಸಿದ ಔಷಧದಿಂದಲೇ ಹುಟ್ಟಿದ್ದು ಮತ್ತೊಂದು, ಹೀಗೆ ಪರಿವಾರ ಕಟ್ಟಿಕೊಂಡು ಅದು ಮನೆಯೊಳಗೆ ಬರುತ್ತದೆ. ಯಜಮಾನನನ್ನು ಮಾತ್ರ ಹೊರಗೆ ಕಳಿಸಲು ಯತ್ನಿಸಿ ಪರಿವಾರವನ್ನು ಒಳಗೇ ಬಿಟ್ಟರೆ ಅವನು ಮತ್ತೆ ಮತ್ತೆ ಬರುವುದರಲ್ಲಿ ಆಶ್ಚರ್ಯವೇನಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 26 ಕೋಟಿಗೂ ಹೆಚ್ಚು ಜನರಿಗೆ ಈ ಬೇನೆಯಿತ್ತು, ಸುಮಾರು 4.5 ಲಕ್ಷ ಜನ ಇದರಿಂದ ತೀರಿಕೊಂಡರು. ನಮ್ಮ ದೇಶದ ರೋಗಿಗಳ ಸಂಖ್ಯೆ ಮೂರು ಕೋಟಿಯನ್ನು ಮೀರಿದೆ. ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ಎಂಟರಲ್ಲಿ ಒಂದರಷ್ಟು; ಮರಣಗಳಲ್ಲಿ ಮಾತ್ರ ನಮ್ಮ ಪಾಲು ಹತ್ತರಲ್ಲಿ ನಾಲ್ಕನ್ನು ಮೀರುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ವಾಚಕರು ಒಂದು ಕ್ಷಣ ನಿಂತು ನೋಡಬೇಕು. ನೆದರ್ಲೆಂಡ್ಸ್ ದೇಶದಲ್ಲಿ ನಡೆದ ಒಂದು ಎಣಿಕೆಯಂತೆ ನೂರು ಜನ ದಮ್ಮಿನ ರೋಗಿಗಳಲ್ಲಿ ಹದಿನೇಳು ಮಂದಿಗೆ ಹೆಚ್ಚಿನ ಔಷಧ ಕೊಟ್ಟರೂ ಬೇನೆ ಹತೋಟಿಗೆ ಬರುವುದಿಲ್ಲ. ಆದರೆ ಆ ಹದಿನೇಳರಲ್ಲಿ ನಿಜವಾಗಿ ಔಷಧಕ್ಕೆ ಬಗ್ಗದ ಉಗ್ರ ದಮ್ಮು ನಾಲ್ಕು ಮಂದಿಗೆ ಮಾತ್ರ. ಉಳಿದ ಹದಿಮೂರು ಮಂದಿಯ ಪಂಪು ಎಳೆಯುವ ರೀತಿ ತಪ್ಪಿರುತ್ತದೆ, ಇಲ್ಲವೆ ಔಷಧವನ್ನು ನಡುನಡುವೆ ಬಿಟ್ಟಿರುತ್ತಾರೆ, ಇಲ್ಲವೆ ಹೊಗೆ ಧೂಳುಗಳಲ್ಲಿ ದುಡಿಯುತ್ತಿರುತ್ತಾರೆ, ಇಲ್ಲವೆ ನಾವು ಹೇಳಹೊರಟ ಆ ಸಂಗಡಿಗ ಬೇನೆಗಳಲ್ಲಿ ಒಂದೋ ಎರಡೋ ಯಾರ ಕಣ್ಣಿಗೂ ಬೀಳದೆ ಉಳಿದಿರುತ್ತವೆ.

ನಾವು ಪಾಠಶಾಲೆಯಲ್ಲಿ ಓದುವಾಗ ನಮಗೆ ಸಂಸ್ಕೃತ ಕಲಿಸಿದ ಶಾಸ್ತ್ರಿಗಳು ವ್ಯಾಕರಣ, ತರ್ಕಗಳ ನಡುವೆ ಚರಕಸಂಹಿತೆಯ ಕೆಲವು ಭಾಗಗಳನ್ನೂ ಓದಿಸಿದರು. ಅದರ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯ ಬಿಕ್ಕಳಿಕೆಗೂ ಶ್ವಾಸರೋಗಗಳಿಗೂ ಮೀಸಲಾದುದು. ದಮ್ಮಿನ ಹುಡುಗನಾದ ನಮಗೆ ಅದು ಪಾಠವಾಗಿರದೆ ಸ್ವಂತ ಜಾತಕದಂತೆ ತೋರಿತು. ಅಲ್ಲಿ ಎರಡು ವಿಷಯಗಳು ನಮ್ಮ ಮನಸ್ಸಿನಲ್ಲಿ ನಿಂತವು. ತಮಕ ಶ್ವಾಸವನ್ನು ವರ್ಣಿಸುವಾಗ ಚರಕಾಚಾರ್ಯರು ಎದೆಯಿಂದ ಆರಂಭಿಸುವುದಿಲ್ಲ. ವಾಯುವು ಎದುರುಗತಿಯಾಗಿ ಕತ್ತು ತಲೆಗಳನ್ನು ಹಿಡಿದು ಕಫವನ್ನು ಕೆರಳಿಸಿ ಮೊದಲು ಪೀನಸವನ್ನು, ಅಂದರೆ ಮೂಗಿನ ಬೇನೆಯನ್ನು, ಉಂಟುಮಾಡುತ್ತದೆ ಎನ್ನುತ್ತಾರೆ. ಎರಡನೆಯದು, ಶ್ವಾಸರೋಗವು ಕಫವಾತಗಳಿಂದಾದುದಾದರೂ ಅದರ ಹುಟ್ಟುನೆಲೆ ಪಿತ್ತದ ಸ್ಥಾನ, ಅಂದರೆ ಜಠರದ ಭಾಗ, ಎನ್ನುತ್ತಾರೆ. ಎದೆಯ ಬೇನೆಗೆ ಹೊಟ್ಟೆಯಲ್ಲಿ ನೆಲೆ ಹೇಗೆ ಎಂದು ಅಂದು ನಾವು ಕೇಳಿದ್ದುಂಟು. ಶಾಸ್ತ್ರಿಗಳು ನಕ್ಕು, ನಿನಗೆ ವಯಸ್ಸಾದಾಗ ತಿಳಿಯುತ್ತದೆ ಎಂದಿದ್ದರು. ಮುಂದೆ ವಿಶ್ವವಿದ್ಯಾಲಯದಲ್ಲಿ ಓದುವಾಗ ಗ್ರಂಥಾಲಯದಲ್ಲಿ ಇಂಗ್ಲಿಷ್ ವೈದ್ಯಕೀಯ ಪುಸ್ತಕಗಳನ್ನು ತಿರುವಿಹಾಕಿದಾಗ ಅಲ್ಲಿಯೂ ಮೂಗು, ಜಠರಗಳ ಮಾತೇ ಇತ್ತು. ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಂತಹ ವಾದದಲ್ಲಿ ನಮಗೆ ರುಚಿಯೂ ಇಲ್ಲ. ರೋಗಿಯನ್ನು ಕಣ್ಣಿಟ್ಟು ನೋಡಿದವರಿಗೆ, ಅವರು ಯಾವ ಕಾಲದವರೇ ಆಗಿರಲಿ, ಒಂದೇ ಸಂಗತಿ ಕಂಡಿದೆ ಎಂಬಷ್ಟೇ ನಮ್ಮ ಅಭಿಪ್ರಾಯ.

ಮೊದಲು ಮೂಗಿನ ಮಾತು. ಮೂಗಿನ ಹೊಳ್ಳೆಯಿಂದ ಶ್ವಾಸಕೋಶದ ಆಳದವರೆಗೆ ಹಾದಿ ಒಂದೇ. ಹಾದಿಯ ಆರಂಭದಲ್ಲಿ ಕೆರಳಿದ್ದು ಕೊನೆಯಲ್ಲಿಯೂ ಕೆರಳುತ್ತದೆ. ದಮ್ಮಿನವರಲ್ಲಿ ಹೆಚ್ಚಿನವರಿಗೆ ಅಲರ್ಜಿಯ ನೆಗಡಿ ಇರುತ್ತದೆಂದು ವೈದ್ಯರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಇದಕ್ಕೆ ಕಾರಣಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೀದರದ ಎತ್ತರದ ಬಯಲಿನ ಕೆಂಪು ಮಣ್ಣು ಬೇಸಿಗೆಯಲ್ಲಿ ಹಿಟ್ಟಿನಂತೆ ಹಾರುತ್ತದೆ. ತೊಗರಿಯ ರಾಶಿ, ಕಡಲೆಯ ರಾಶಿ, ಜೋಳದ ರಾಶಿ ಎಂದು ಚಳಿಗಾಲದಿಂದ ಬೇಸಿಗೆಯ ತನಕ ಒಂದಾದ ಮೇಲೊಂದು ನಡೆಯುತ್ತವೆ. ಹಿಂದೆ ಹಂತಿ ಹೊಡೆದು ತೂರುತ್ತಿದ್ದ ಕಾಲಕ್ಕಿಂತ ಇಂದಿನ ಯಂತ್ರದಿಂದ ಏಳುವ ಹೊಟ್ಟಿನ ಧೂಳು ಹೆಚ್ಚೆಂದು ನಮಗೆ ತೋರುತ್ತದೆ. ಹುಮನಾಬಾದದ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ, ಚಳಿ ಗಾಢವಾಗಿರುವಾಗಲೇ ಬರುತ್ತದೆ. ಆ ಚಳಿ, ಆ ಜನಸಂದಣಿಯ ಧೂಳು ಎರಡೂ ಕೂಡಿದ ಮೇಲೆ ವಾರವೊಪ್ಪತ್ತು ಮಠದ ಅಂಗಳದಲ್ಲಿ ಸೀನುವವರ, ಕೆಮ್ಮುವವರ ಸದ್ದು ಕೇಳುತ್ತಲೇ ಇರುತ್ತದೆ. ಇದೆಲ್ಲ ಸಾಲದೆಂಬಂತೆ ಕಾಂಗ್ರೆಸ್ ಹುಲ್ಲೆಂದು ನಾವು ಕರೆಯುವ ಪಾರ್ಥೇನಿಯಂ ಕಳೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಈ ಗಿಡ ಇಂದು ನಮ್ಮ ರಸ್ತೆಯ ಬದಿ, ಬೀಳುಹೊಲ, ಶಾಲೆಯ ಅಂಗಳ ಯಾವುದನ್ನೂ ಬಿಟ್ಟಿಲ್ಲ. ಅದರ ಬಿಳಿಯ ಹೂವಿನ ಪರಾಗ ಚರ್ಮಕ್ಕೂ ಮೂಗಿಗೂ ವೈರಿ.

ಮೂಗು ಸದಾ ಕಟ್ಟಿರುವವನು ಬಾಯಿಂದ ಉಸಿರಾಡುತ್ತಾನೆ. ಮೂಗು ಮಾಡಬೇಕಾದ ಸೋಸುವ, ಬೆಚ್ಚಗೆ ಮಾಡುವ ಕೆಲಸ ತಪ್ಪಿ, ತಣ್ಣನೆಯ ಧೂಳುಗಾಳಿ ನೇರವಾಗಿ ಎದೆಗೆ ಇಳಿಯುತ್ತದೆ. ಇಷ್ಟಾದರೂ ನೆಗಡಿಯನ್ನು ಬೇನೆಯೆಂದು ಯಾರೂ ಎಣಿಸುವುದಿಲ್ಲ. ನಮ್ಮ ವಿಷಯವನ್ನೇ ಹೇಳುವುದಾದರೆ, ಮೂವತ್ತರ ವಯಸ್ಸಿನ ನಂತರ ನಮಗೆ ವಾಸನೆ ತಿಳಿಯುವುದು ನಿಂತಿತು. ಭಕ್ತರು ತಂದ ಮಲ್ಲಿಗೆಯ ಮಾಲೆಗೂ ಕಾಗದದ ಮಾಲೆಗೂ ಭೇದವಿಲ್ಲ. ಸ್ವಾಮಿಗಳು ಇಂದ್ರಿಯಗಳನ್ನು ಗೆದ್ದಿದ್ದಾರೆಂದು ಕೆಲವರು ಹೊಗಳಿದ್ದೂ ಉಂಟು! ಕೊನೆಗೆ ಸೊಲ್ಲಾಪುರದ ಮೂಗಿನ ವೈದ್ಯರೊಬ್ಬರು ದೀಪ ಹಿಡಿದು ನೋಡಿ, ಎರಡೂ ಹೊಳ್ಳೆಗಳಲ್ಲಿ ದ್ರಾಕ್ಷಿಯಂತಹ ದುರ್ಮಾಂಸ ಬೆಳೆದಿದೆ ಎಂದರು. ಅದನ್ನು ತೆಗೆದು, ದಿನವೂ ಮೂಗಿಗೆ ಹೊಡೆದುಕೊಳ್ಳುವ ಔಷಧ ಕೊಟ್ಟ ಮೇಲೆ ದಮ್ಮು ಹೋಯಿತೆಂದಲ್ಲ. ನಡುರಾತ್ರಿ ಎದ್ದು ಕುಳಿತು ಬೆಳಗು ಮಾಡುವುದು ಹೆಚ್ಚುಮಟ್ಟಿಗೆ ತಪ್ಪಿತು. ಅದೇ ವೈದ್ಯರು ಇನ್ನೊಂದು ಎಚ್ಚರಿಕೆ ಕೊಟ್ಟರು. ದಮ್ಮು, ಮೂಗಿನ ದುರ್ಮಾಂಸ ಇವೆರಡೂ ಇರುವ ಕೆಲವರಿಗೆ ಆಸ್ಪಿರಿನ್ ಮತ್ತು ಅದರ ಜಾತಿಯ ನೋವಿನ ಗುಳಿಗೆಗಳು ವಿಷಸಮಾನ. ಫ್ರಾನ್ಸಿನ ವೈದ್ಯ ವಿದಾಲ್ ಎಂಬುವರು 1922ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರಂತೆ. ಮೈಕೈ ನೋವೆಂದು ಕಿರಾಣಿ ಅಂಗಡಿಯಿಂದ ಗುಳಿಗೆ ತಂದು ನುಂಗುವ ನಮ್ಮ ಜನರ ರೂಢಿಯನ್ನು ನೆನೆದಾಗ ಈ ಮಾತಿನ ತೂಕ ತಿಳಿಯುತ್ತದೆ.

ಇನ್ನು ಜಠರ. ಅನ್ನನಾಳದ ಕೆಳತುದಿಯಲ್ಲಿ ಒಂದು ಬಿಗಿಯಾದ ಸ್ನಾಯುವಿನ ಉಂಗುರವಿದೆ. ಅದು ಸಡಿಲವಾದರೆ ಜಠರದ ಹುಳಿ ಮೇಲೇರಿ ಗಂಟಲಿಗೆ ಬರುತ್ತದೆ. ಕೆಲವೊಮ್ಮೆ ಕಾಣದಷ್ಟು ಸೂಕ್ಷ್ಮವಾಗಿ ಗಾಳಿಯ ನಾಳಕ್ಕೂ ಇಳಿಯುತ್ತದೆ. ಇಳಿಯದಿದ್ದರೂ ಅನ್ನನಾಳಕ್ಕೆ ತಗುಲಿದ ಉರಿಯೇ ನರಗಳ ಮೂಲಕ ಉಸಿರಿನ ಕೊಳವೆಗಳನ್ನು ಬಿಗಿಯುವಂತೆ ಮಾಡಬಲ್ಲದು. ಇದರಲ್ಲಿ ಒಂದು ವಿಷಚಕ್ರವಿದೆ: ದಮ್ಮಿನಲ್ಲಿ ಎದೆ ಹಿಗ್ಗಿ ಹೊಟ್ಟೆಯ ಮೇಲೆ ಒತ್ತಡ ಬೀಳುವುದರಿಂದ ಹುಳಿ ಮೇಲೇರುತ್ತದೆ, ಹುಳಿ ಏರಿದ್ದರಿಂದ ದಮ್ಮು ಹೆಚ್ಚುತ್ತದೆ. ದಮ್ಮಿಗಾಗಿ ಕೊಡುವ ಥಿಯೋಫಿಲಿನ್ ಎಂಬ ಹಳೆಯ ಗುಳಿಗೆ ಕೂಡ ಆ ಉಂಗುರವನ್ನು ಸಡಿಲಗೊಳಿಸುವಂಥದು.

ಮಠಗಳ ದಿನಚರಿಯೂ ಈ ವಿಷಯದಲ್ಲಿ ನಿರಪರಾಧಿಯಲ್ಲ. ಶ್ರಾವಣದ ಪ್ರವಚನ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ಆ ಮೇಲೆ ಪ್ರಸಾದ. ಹನ್ನೊಂದಕ್ಕೆ ಭಕ್ತರ ಮನೆಯಲ್ಲಿ ಇನ್ನೊಂದು ಲೋಟ ಹಾಲು ಬೇಡವೆಂದರೂ ಬಿಡುವುದಿಲ್ಲ. ಖಾರದ ಬದನೆಕಾಯಿ ಪಲ್ಯ, ಎಣ್ಣೆಹೋಳಿಗೆ, ಬಿಸಿ ಭಜಿ ಉಂಡು ಅರ್ಧ ಗಂಟೆಯಲ್ಲಿ ಮಲಗಿದವನಿಗೆ ನಡುರಾತ್ರಿ ಎರಡಕ್ಕೆ ಎಚ್ಚರವಾಗಿ ಬಾಯೆಲ್ಲ ಹುಳಿ, ಎದೆಯೆಲ್ಲ ಬಿಗಿ ಎನಿಸಿದರೆ ಅದು ಚಳಿಯಿಂದಲೇ ಬಂದಿತೆಂದು ಹೇಳಲಾಗದು. ಮಲಗುವುದಕ್ಕೆ ಮೂರು ಗಂಟೆ ಮೊದಲು ಊಟ ಮುಗಿಸುವುದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡುವುದು, ಇವು ಕಾಸು ಖರ್ಚಿಲ್ಲದ ಉಪಾಯಗಳು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಹುಳಿ ಅಡಗಿಸುವ ಗುಳಿಗೆಗಳನ್ನು ದಮ್ಮಿನವರೆಲ್ಲರೂ ನುಂಗಬೇಕೆಂದಿಲ್ಲ. ಎದೆಯುರಿ, ಹುಳಿತೇಗು ಇಲ್ಲದವರಿಗೆ ಅವುಗಳಿಂದ ದಮ್ಮು ಕಡಿಮೆಯಾಗುವುದಿಲ್ಲವೆಂದು ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಲಕ್ಷಣವಿದ್ದವನಿಗೆ ಮಾತ್ರ ಔಷಧ.

ನಿದ್ರೆಯ ವಿಷಯ ಹೆಚ್ಚು ಬೆಳೆಸುವುದಿಲ್ಲ. ಗೊರಕೆ ಹೊಡೆಯುತ್ತ ಮಲಗಿದವನು ನಡುವೆ ಉಸಿರು ನಿಂತು ಬೆಚ್ಚಿ ಏಳುವುದು, ಹಗಲು ಕುಳಿತಲ್ಲಿಯೇ ತೂಕಡಿಸುವುದು, ಇವು ನಿದ್ರೆಯಲ್ಲಿ ಗಂಟಲು ಮುಚ್ಚಿಕೊಳ್ಳುವ ಬೇನೆಯ ಗುರುತುಗಳು. ಮೈ ಬೆಳೆದವರಲ್ಲಿ ಇದು ಹೆಚ್ಚು. ದಮ್ಮಿನವನು ದಮ್ಮಿಗೆ ಹೆದರಿ ನಡೆಯುವುದನ್ನು ಬಿಡುತ್ತಾನೆ, ಮೈ ಬೆಳೆಯುತ್ತದೆ, ಬೆಳೆದ ಮೈಯಿಂದ ದಮ್ಮು ಇಮ್ಮಡಿಯಾಗುತ್ತದೆ. ಪಲ್ಲಕ್ಕಿಯಲ್ಲಿ ಕುಳಿತು ಸಾಗುವ ನಮ್ಮಂಥವರು ಇದನ್ನು ಬೇರೆಯವರಿಗೆ ಹೇಳುವಾಗ ಸ್ವಲ್ಪ ಸಂಕೋಚ ಪಡಬೇಕಾಗುತ್ತದೆ.

ಕ್ಷಯವೆಂದು ತಪ್ಪಾಗಿ ತಿಳಿಯಲ್ಪಡುವ ಒಂದು ಸಂಗಡಿಗ ಬೇನೆಯಿದೆ; ಅದನ್ನು ಕುರಿತು ಹೇಳಲೇಬೇಕು. ಮಳೆಯಲ್ಲಿ ನೆನೆದ ಕಣಿಕೆಯ ಬಣವೆ, ಮುಗ್ಗಲು ಹಿಡಿದ ಹೊಟ್ಟು, ತೇವದ ಗೋಡೆ, ಇಂತಹ ಕಡೆಗಳಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆಯುತ್ತದೆ. ಅದರ ಕಣಗಳನ್ನು ನಾವೆಲ್ಲರೂ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಆದರೆ ಕೆಲವು ದಮ್ಮಿನವರ ಎದೆಯ ಕಫದಲ್ಲಿ ಅದು ನೆಲೆಯೂರಿ, ದೇಹ ಅದರ ಮೇಲೆ ಸಿಟ್ಟಿಗೆದ್ದು, ಉಸಿರಿನ ಕೊಳವೆಗಳನ್ನೇ ಹಾಳುಮಾಡಿಕೊಳ್ಳುತ್ತದೆ. ಇಂಗ್ಲೆಂಡಿನ ವೈದ್ಯರು 1952ರಲ್ಲಿ ಈ ಬೇನೆಯನ್ನು ಮೊದಲು ವಿವರಿಸಿದರು. ನಮ್ಮ ದೇಶದಲ್ಲಿ ಇದು ವಿರಳವಲ್ಲವೆಂದು ಚಂಡೀಗಢದ ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಂದುಬಣ್ಣದ ಗಟ್ಟಿ ಕಫ, ಜ್ವರ, ಎಕ್ಸ್‌ರೇಯಲ್ಲಿ ನೆರಳು, ಇಷ್ಟನ್ನು ಕಂಡೊಡನೆ ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಗುಳಿಗೆ ಕೊಡುವುದುಂಟು. ಕಫದಲ್ಲಿ ಕ್ಷಯದ ಕ್ರಿಮಿ ಸಿಗದೆ, ಗುಳಿಗೆಯಿಂದ ಗುಣವೂ ಕಾಣದೆ, ದಮ್ಮು ಮಾತ್ರ ಮುಂದುವರಿದರೆ, ಈ ಬೂಷ್ಟಿನ ಸಂಶಯವನ್ನು ವೈದ್ಯರ ಮುಂದೆ ಇಡಬೇಕು. ಅದಕ್ಕೆ ರಕ್ತದ ಪರೀಕ್ಷೆಯಿದೆ.

ಬಸವಕಲ್ಯಾಣದ ಆಟೋ ನಗರವನ್ನು ಕಾಣದವರು ಈ ಭಾಗದಲ್ಲಿ ಇಲ್ಲ. ಹೈದರಾಬಾದು–ಸೊಲ್ಲಾಪುರ ಹೆದ್ದಾರಿಯ ಲಾರಿಗಳಿಗೆ ಅಲ್ಲಿ ಮೈ ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ. ಆ ಕುಶಲ ಕೆಲಸದಲ್ಲಿ ತೊಡಗಿದ ತರುಣ ಭಕ್ತನೊಬ್ಬನಿಗೆ ನಾಲ್ಕು ವರ್ಷ ದಮ್ಮು ಹತೋಟಿಗೆ ಬಾರದೆ ಹೋಯಿತು. ಭಾನುವಾರ ಚೆನ್ನಾಗಿರುತ್ತಿದ್ದ, ಸೋಮವಾರ ಸಂಜೆಗೆ ಏದುಸಿರು. ಸ್ಪ್ರೇ ಬಣ್ಣದಲ್ಲಿ ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುವುದುಂಟು. ಕೆಲಸದಿಂದ ಬರುವ ದಮ್ಮಿಗೆ ಜಗತ್ತಿನಾದ್ಯಂತ ಮುಖ್ಯ ಕಾರಣಗಳಲ್ಲಿ ಅದೊಂದು. ಒಮ್ಮೆ ಮೈ ಅದಕ್ಕೆ ಕೆರಳಿತೆಂದರೆ ಮುಂದೆ ಎಳ್ಳಷ್ಟು ಸೋಕಿದರೂ ಸಾಕು. ಮೂಗಿಗೆ ಕಟ್ಟಿಕೊಂಡ ಕರವಸ್ತ್ರ ಅದನ್ನು ತಡೆಯಲಾರದು. ಈಗ ಆತ ಬಣ್ಣ ಬಿಟ್ಟು ವೆಲ್ಡಿಂಗಿಗೆ ಹೋಗಿದ್ದಾನೆ. ಅದೂ ಹೊಗೆಯ ಕೆಲಸವೇ. ಮನೆಯಲ್ಲಿ ಐದು ಜನ ಉಣ್ಣುವವರಿರುವಾಗ ಯಾವ ಕೆಲಸವೂ ಬೇಡವೆಂದು ಅವನಿಗೆ ಹೇಳುವ ಬಾಯಿ ನಮಗಿಲ್ಲ.

ಇಷ್ಟು ಬೇನೆಗಳು ದಮ್ಮಿನ ಸಂಗಡ ತಾವಾಗಿ ಬರುವಂಥವು. ನಾವೇ ಹಣ ಕೊಟ್ಟು ಕರೆತರುವ ಇನ್ನೊಂದು ಗುಂಪಿದೆ. ಅಡ್ರಿನಲ್ ಗ್ರಂಥಿಯ ಸ್ಟೀರಾಯ್ಡ್‌ಗಳನ್ನು ಕಂಡುಹಿಡಿದ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಔಷಧ ದಮ್ಮಿನವರ ಪಾಲಿಗೆ ಸಂಜೀವಿನಿಯಾಯಿತು. 1972ರಲ್ಲಿ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ನೇರ ಎದೆಗೆ ಎಳೆದುಕೊಳ್ಳುವ ಪಂಪು ಬಂದುದು ಅದಕ್ಕಿಂತ ದೊಡ್ಡ ಉಪಕಾರ. ಎಳೆದ ಮೇಲೆ ಬಾಯಿ ಮುಕ್ಕಳಿಸಿದರೆ ಆಯಿತು, ಅದರ ತೊಂದರೆ ಕಡಿಮೆ. ಆದರೆ ನಮ್ಮ ಜನ ಪಂಪಿಗೆ ಹೆದರುತ್ತಾರೆ, ಗುಳಿಗೆಗೆ ಹೆದರುವುದಿಲ್ಲ! ಪಂಪು ಹತ್ತಿದರೆ ಜೀವಮಾನವಿಡೀ ಬಿಡುವುದಿಲ್ಲವೆಂದು ಹೇಳುವವರೇ ಸ್ಟೀರಾಯ್ಡ್ ಗುಳಿಗೆಯನ್ನು ವರ್ಷಗಟ್ಟಲೆ ಚಹದೊಡನೆ ನುಂಗುತ್ತಾರೆ. ಕೆಲವರು ಹೆಸರಿಲ್ಲದ ಪುಡಿಯ ಪೊಟ್ಟಣಗಳನ್ನು ದೇಶೀ ಔಷಧವೆಂದು ನಂಬಿ ಸೇವಿಸುತ್ತಾರೆ. ಒಂದೇ ದಿನದಲ್ಲಿ ಗುಣ ತೋರುವ ಇಂತಹ ಪುಡಿಗಳಲ್ಲಿ ಎಷ್ಟೋ ಸಲ ಅದೇ ಸ್ಟೀರಾಯ್ಡ್ ಬೆರೆತಿರುತ್ತದೆ. ನಮ್ಮ ತರುಣ ವಯಸ್ಸಿನಲ್ಲಿ ವೈದ್ಯರೊಬ್ಬರು ಏನೆಂದು ಹೇಳದೆ ಆರು ವರ್ಷ ಬಿಳಿಯ ಸಣ್ಣ ಗುಳಿಗೆ ಕೊಟ್ಟರು. ಮುಖ ದುಂಡಗಾಯಿತು. ಸ್ವಾಮಿಗಳ ಮುಖದಲ್ಲಿ ಕಳೆ ಬಂದಿದೆ ಎಂದು ಭಕ್ತರು ಹಿಗ್ಗಿದರು. ನಲವತ್ತೆಂಟನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಕಾಣಿಸಿತು.

ಸ್ಟೀರಾಯ್ಡ್ ಗುಳಿಗೆ ಬಹುಕಾಲ ನಡೆದರೆ ರಕ್ತದ ಸಕ್ಕರೆ ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ಎಲುಬು ಟೊಳ್ಳಾಗಿ ಬೆನ್ನುಮೂಳೆ ತಾನಾಗಿ ಕುಸಿಯುತ್ತದೆ, ಕಣ್ಣಿನಲ್ಲಿ ಪೊರೆ, ನಮ್ಮವರ ಮಾತಿನಲ್ಲಿ ಮೋತಿಬಿಂದು, ಬೇಗನೆ ಬೆಳೆಯುತ್ತದೆ, ಚರ್ಮ ಕಾಗದದಂತೆ ತೆಳುವಾಗುತ್ತದೆ. ದಮ್ಮಿನ ಹಳೆಯ ರೋಗಿಯೊಬ್ಬನ ಹೆಸರಿನಲ್ಲಿ ಇಷ್ಟೊಂದು ಬೇನೆಗಳು ಸೇರಿದಾಗ ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ಇದನ್ನೋದಿ ಯಾರೂ ಇಂದೇ ಗುಳಿಗೆಯನ್ನು ಬಿಸಾಡಬಾರದು. ದಿನವೂ ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ದೇಹದ ಗ್ರಂಥಿ ತನ್ನ ಕೆಲಸವನ್ನು ಬಿಟ್ಟು ಮಲಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರ ಕಣ್ಣಮುಂದೆ ಮೆಲ್ಲಮೆಲ್ಲನೆ ಇಳಿಸಬೇಕು.

ಈ ಅಪಾಯವನ್ನು ನೆನೆದಾಗ ಹೈದರಾಬಾದಿನ ಮೀನಿನ ಔಷಧದ ಮಾತು ಬರುತ್ತದೆ. ಪ್ರತಿವರ್ಷ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ, ಜೂನ್ ಮೊದಲ ಭಾಗದಲ್ಲಿ, ಬತ್ತಿನಿ ಗೌಡ ಮನೆತನದವರು ದಮ್ಮಿನವರಿಗೆ ಜೀವಂತ ಮರಿಮೀನಿನ ಬಾಯಲ್ಲಿ ಔಷಧವಿಟ್ಟು ಉಚಿತವಾಗಿ ನುಂಗಿಸುತ್ತಾರೆ. ಶಾಕಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. ನಮ್ಮ ಸೀಮೆಗೆ ಹೈದರಾಬಾದು ದೂರವಲ್ಲ, ಇಲ್ಲಿಂದಲೂ ಹೋಗುತ್ತಾರೆ. ಹಣ ಪಡೆಯದೆ ಕೊಡುವವರ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ದಮ್ಮು ಗುಣವಾಗುತ್ತದೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ಹೋಗುವವರು ಹೋಗಲಿ, ಹೋಗಿ ಬಂದ ಮೇಲೆ ಪಂಪು, ಗುಳಿಗೆಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಮಾತ್ರ ಬೇಡ. ಮಳೆಗಾಲದ ಮೋಡ ಕವಿಯುವ ಹೊತ್ತು ಅದು. ಚರಕಾಚಾರ್ಯರೇ ಮೋಡ, ಮಳೆ, ಚಳಿಗಳಿಂದ ತಮಕ ಹೆಚ್ಚುವುದೆಂದು ಹೇಳಿದ್ದಾರೆ.

ಒಂದು ಬೇನೆಯ ಔಷಧ ಇನ್ನೊಂದಕ್ಕೆ ಶತ್ರುವಾಗುವ ಪ್ರಸಂಗವೂ ಉಂಟು. ರಕ್ತದ ಒತ್ತಡಕ್ಕೂ ಹೃದಯಕ್ಕೂ ಕೊಡುವ ಬೀಟಾ ಬ್ಲಾಕರ್ ಎಂಬ ಜಾತಿಯ ಕೆಲವು ಗುಳಿಗೆಗಳು ಉಸಿರಿನ ಕೊಳವೆಗಳನ್ನು ಬಿಗಿಯುತ್ತವೆ. ಕಣ್ಣಿನೊಳಗಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಎಂಬ ಹನಿ ಅದೇ ಜಾತಿಯದು; ಕಣ್ಣಿಗೆ ಬಿಟ್ಟ ಒಂದು ಹನಿ ಎದೆಯನ್ನು ಕಟ್ಟಿಸಬಲ್ಲದೆಂದರೆ ಯಾರು ನಂಬಿಯಾರು! ಹುಮನಾಬಾದ ತಾಲೂಕಿನ ಹಳ್ಳಿಯೊಂದರಿಂದ ಮುದುಕಿಯೊಬ್ಬರು ನಮ್ಮಲ್ಲಿಗೆ ಬಂದು, “ಅಪ್ಪಾವರೇ, ರಾತ್ರಿ ಮಲಗಲಾಕೇ ಆಗವಲ್ದರಿ, ಕುಂತೇ ಬೆಳಗ ಮಾಡತೀನಿ” ಎಂದರು. “ಏನೇನು ಔಷಧ ತಗೋತೀ ತಾಯಿ?” ಎಂದು ಕೇಳಿದೆವು. ಸೆರಗಿನ ಗಂಟು ಬಿಚ್ಚಿ ನಾಲ್ಕು ಚೀಟಿ ತೆಗೆದರು. ದಮ್ಮಿಗೆ ಒಬ್ಬರು, ಬಿ.ಪಿ.ಗೆ ಒಬ್ಬರು, ಮೊಣಕಾಲಿಗೆ ಒಬ್ಬರು, ಕಣ್ಣಿಗೆ ಒಬ್ಬರು. ನಾಲ್ವರೂ ಬಲ್ಲವರೇ. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿರಲಿಲ್ಲ.

ಮನಸ್ಸಿನ ಮಾತು ಉಳಿಯಿತು. ಉಸಿರು ಸಿಗದ ಒಂದು ರಾತ್ರಿಯನ್ನು ಕಳೆದವನಿಗೆ ಮುಂದಿನ ರಾತ್ರಿಯ ಭಯ ಸಂಜೆಯಿಂದಲೇ ಆರಂಭವಾಗುತ್ತದೆ. ಭಯದಿಂದ ಉಸಿರು ವೇಗವಾಗುತ್ತದೆ, ವೇಗವಾದ ಉಸಿರನ್ನು ದಮ್ಮೆಂದು ತಿಳಿದು ಭಯ ಇಮ್ಮಡಿಸುತ್ತದೆ. ಉಗ್ರ ದಮ್ಮಿನವರಲ್ಲಿ ಆತಂಕ, ಖಿನ್ನತೆಗಳು ಹೆಚ್ಚೆಂದು ವೈದ್ಯರು ಹೇಳುವುದು ಅನುಭವಕ್ಕೆ ಒಪ್ಪುವ ಮಾತು. ಇದನ್ನು ಮನೋದೌರ್ಬಲ್ಯವೆಂದು ಜರೆಯುವವರು ಒಂದು ರಾತ್ರಿ ಆ ಹಾಸಿಗೆಯ ಬಳಿ ಕುಳಿತು ನೋಡಲಿ. ನಮ್ಮ ಸಮಾಜದಲ್ಲಿ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ದಮ್ಮಿದೆಯೆಂದು ತಿಳಿದರೆ ಮದುವೆ ಆಗಲಾರದೆಂದು ತವರಿನವರು ಮುಚ್ಚಿಡುತ್ತಾರೆ. ಹುಡುಗಿ ಗಂಡನ ಮನೆಯಲ್ಲಿ ಪಂಪನ್ನು ಸೀರೆಗಳ ನಡುವೆ ಅಡಗಿಸಿ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಎಳೆದುಕೊಳ್ಳುತ್ತಾಳೆ. ಕದ್ದು ಎಳೆಯುವಾಗ ಕೂಡಲೇ ಉಸಿರು ಬಿಡಿಸುವ ಪಂಪೊಂದನ್ನೇ ಎಳೆಯುತ್ತಾಳೆ. ಊತವನ್ನು ತಗ್ಗಿಸುವ ದಿನದ ಪಂಪು ಉಳಿದುಹೋಗುತ್ತದೆ. ಬರಿಯ ಆ ಮೊದಲನೆಯ ಪಂಪನ್ನು ನಂಬಿ ಕೂರುವುದು ಅಪಾಯವೆಂದು ಅಂತರರಾಷ್ಟ್ರೀಯ ತಜ್ಞರ ಮಂಡಳಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ಮದುವೆಯ ಮಾತುಕತೆಗೆ ನಮ್ಮನ್ನು ಕರೆಯುವ ಭಕ್ತರಿಗೆ ನಾವು ಈಗ ಹೇಳುವುದಿಷ್ಟು: ದಮ್ಮನ್ನು ಮುಚ್ಚಿಡಬೇಡಿರಿ; ಕೇಳಿದ ಬೀಗರು ಹಿಂದೆ ಸರಿಯಬೇಡಿರಿ. ಎರಡೂ ಕಡೆಯವರು ನಮ್ಮ ಮಾತಿಗೆ ತಲೆದೂಗುತ್ತಾರೆ. ಎಷ್ಟು ಜನ ನಡೆಸುತ್ತಾರೆಂಬುದು ಬೇರೆ ಮಾತು.

ನಮ್ಮ ಮಠದಲ್ಲಿ ಗದ್ದುಗೆಯ ಒಳಕೋಣೆಯಲ್ಲಿ ಲೋಬಾನದ ಹೊಗೆ ಹಾಕುವುದನ್ನು ನಿಲ್ಲಿಸಿ ಮೂರು ವರ್ಷವಾಯಿತು. ಹಿರಿಯರಿಬ್ಬರು ಮುನಿಸಿಕೊಂಡರು, ಮತ್ತೆ ಬಂದರು. ಶ್ರಾವಣದಲ್ಲಿ ಮೊದಲು ಪ್ರಸಾದ, ಆ ಮೇಲೆ ಪ್ರವಚನ ಎಂದು ಕ್ರಮ ಬದಲಿಸಿದ್ದೇವೆ; ಹೊಟ್ಟೆ ತುಂಬಿದವರು ತೂಕಡಿಸುತ್ತಾರೆಂಬುದೊಂದೇ ಅದರ ಕೊರತೆ. ಮೇಲೆ ಹೇಳಿದ ತಾಯಿಯ ನಾಲ್ಕು ಚೀಟಿಗಳನ್ನೂ, ಗುಳಿಗೆ, ಕಣ್ಣಿನ ಹನಿಗಳನ್ನೂ ಒಂದು ಚೀಲದಲ್ಲಿ ಹಾಕಿ, ಅವರ ಮೊಮ್ಮಗನನ್ನು ಜೊತೆ ಮಾಡಿ ಕಲಬುರಗಿಯ ಎದೆರೋಗದ ವೈದ್ಯರಲ್ಲಿಗೆ ಕಳಿಸಿದೆವು. 2017ರಲ್ಲಿ ಬೀದರ–ಕಲಬುರಗಿ ರೈಲುಹಾದಿ ತೆರೆದ ಮೇಲೆ ಹುಮನಾಬಾದದಿಂದ ಆ ಪ್ರಯಾಣ ಮುದುಕರಿಗೆ ಸುಲಭವಾಗಿದೆ. ವೈದ್ಯರು ಚೀಲವನ್ನು ಮೇಜಿನ ಮೇಲೆ ಸುರಿದು, ಕಣ್ಣಿನ ಹನಿಯ ಸೀಸೆಯನ್ನೂ ಮೊಣಕಾಲಿನ ಗುಳಿಗೆಯನ್ನೂ ಬೇರೆ ಇಟ್ಟು, ಇವೆರಡನ್ನು ಬದಲಿಸಲು ಆಯಾ ವೈದ್ಯರಿಗೆ ಪತ್ರ ಬರೆದುಕೊಟ್ಟರಂತೆ. ಆ ತಾಯಿ ಈಗಲೂ ದಿನಕ್ಕೆರಡು ಸಲ ಪಂಪು ಎಳೆಯುತ್ತಾರೆ, ಸಕ್ಕರೆಗೆ ಗುಳಿಗೆ ನುಂಗುತ್ತಾರೆ, ರಾತ್ರಿ ಮಲಗುತ್ತಾರೆ.